ಓದುವವರ ಫೋನಿಗೆ ಯಾವ ಆ್ಯಪ್ ಕಡಿವಾಣ?

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮಂಥವರಿಗೆ ಫೋನನ್ನು ಪೂರ್ತಿ ಬಿಟ್ಟು ಕೂರುವುದು ಆಗದ ಮಾತು. ಪ್ರಚಲಿತ ವಿದ್ಯಮಾನಗಳ ಪಿಡಿಎಫ್ ಬರುವುದು ಟೆಲಿಗ್ರಾಂನಲ್ಲಿ, ಅರ್ಥಶಾಸ್ತ್ರದ ಪಾಠ ಇರುವುದು ಯೂಟ್ಯೂಬ್‌ನಲ್ಲಿ, ಕೋಚಿಂಗ್ ತರಗತಿಯ ವೇಳೆ ಬದಲಾದರೆ ತಿಳಿಯುವುದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಮೆಸ್ಸಿನ ಹಣ ಕೊಡುವುದು ಫೋನ್‌ಪೇಯಲ್ಲಿ. ಕೀಪ್ಯಾಡ್ ಫೋನ್ ಇಟ್ಟುಕೊಳ್ಳಿ ಎಂದು ಮನೆಯ ಹಿರಿಯರು ಹೇಳುವುದು ಒಳ್ಳೆಯ ಮನಸ್ಸಿನಿಂದಲೇ ಆದರೂ, ಅದನ್ನು ಪಾಲಿಸಿದರೆ ಓದುವ ಸಾಮಗ್ರಿಯಲ್ಲಿ ಅರ್ಧ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಫೋನ್ ಕೈಯಲ್ಲಿರುವಾಗಲೇ ಅದರ ಕಾಟವನ್ನು ತಗ್ಗಿಸುವ ಆ್ಯಪ್ ಹುಡುಕಬೇಕಾಯಿತು. ಅಂಥವನ್ನು ಒಂದಾದ ಮೇಲೊಂದು ಬಳಸಿ ನೋಡಿದ್ದೇನೆ. ಅವುಗಳ ಜಾಹೀರಾತಿನಲ್ಲಿ ಎಷ್ಟು ಸೌಲಭ್ಯಗಳ ಪಟ್ಟಿಯಿದ್ದರೂ, ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡೇ ಎಂದು ನನಗನಿಸಿದೆ: ಮನಸ್ಸು ಜಾರಿದ ಗಳಿಗೆಯಲ್ಲಿ ಇದನ್ನು ನಾನೇ ಎಷ್ಟು ಸುಲಭವಾಗಿ ಬಂದ್ ಮಾಡಬಹುದು, ಮತ್ತು ಕೆಲಸ ಮಾಡಲು ಇದು ನನ್ನಿಂದ ಏನೇನು ಅನುಮತಿ ಕೇಳುತ್ತದೆ.

ಹೊಸದೇನನ್ನೂ ಹಾಕುವ ಮೊದಲು ಫೋನಿನಲ್ಲಿ ಈಗಾಗಲೇ ಇರುವುದನ್ನು ನೋಡಬೇಕು. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಮತ್ತು ಐಫೋನಿನ ಸ್ಕ್ರೀನ್ ಟೈಮ್ ಎರಡೂ 2018ರಲ್ಲಿ ಬಂದವು. ಇನ್‌ಸ್ಟಾಗ್ರಾಂಗೆ ದಿನಕ್ಕೆ ಅರ್ಧ ಗಂಟೆ ಎಂದು ಮಿತಿ ಹಾಕಿದರೆ ಅಷ್ಟು ಹೊತ್ತು ಕಳೆದ ಮೇಲೆ ಅದರ ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ಮಧ್ಯರಾತ್ರಿಯ ನಂತರ ಲೆಕ್ಕ ಮತ್ತೆ ಹೊಸದಾಗಿ ಶುರುವಾಗುತ್ತದೆ. ಹಣವಿಲ್ಲ, ಜಾಹೀರಾತಿಲ್ಲ, ಹೊಸ ಕಂಪನಿಗೆ ಏನನ್ನೂ ಒಪ್ಪಿಸಬೇಕಾಗಿಲ್ಲ. ಆದರೆ ಮಿತಿ ಹಾಕಿದ ಕೈಯೇ ಸೆಟ್ಟಿಂಗ್ಸ್‌ಗೆ ಹೋಗಿ ಕ್ಷಣದಲ್ಲಿ ಅದನ್ನು ತೆಗೆಯಬಹುದಾದ್ದರಿಂದ, ಚಟ ಬಲಿತವರಿಗೆ ಇದು ಸಾಲದು. ಡಿಜಿಟಲ್ ವೆಲ್‌ಬೀಯಿಂಗ್‌ನೊಳಗೇ ಇರುವ ಫೋಕಸ್ ಮೋಡ್ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ವಾರದ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಆ್ಯಪ್‌ಗಳು ಸುಮ್ಮನಿರಬೇಕು ಎಂಬುದನ್ನು ಮನಸ್ಸು ಸ್ಥಿಮಿತದಲ್ಲಿದ್ದಾಗ ಒಮ್ಮೆ ಹೊಂದಿಸಿಟ್ಟರೆ ದಿನವೂ ನಿರ್ಧರಿಸುವ ತಾಪತ್ರಯ ಇರುವುದಿಲ್ಲ.

ನಿಜವಾದ ತೊಡಕು ಇರುವುದು ಯೂಟ್ಯೂಬ್‌ನಲ್ಲಿ. ನಾವು ಓದಲು ಕೂರುವ ಕೋಣೆಯಲ್ಲಿ ಉದ್ದನೆಯ ಮೇಜಿಗೆ ಎದುರುಬದುರಾಗಿ ಕುಳಿತವರ ಮುಂದೆಲ್ಲ ನೋಟ್‌ಬುಕ್ ತೆರೆದಿರುತ್ತದೆ, ನೀರಿನ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿ ಹಣದುಬ್ಬರದ ಪಾಠ ನಡೆಯುತ್ತಿರುತ್ತದೆ. ಟಿಪ್ಪಣಿ ಬರೆದುಕೊಳ್ಳಲು ಪಾಠ ನಿಲ್ಲಿಸಿ, ಪರದೆಯನ್ನು ಬೆರಳಿನಿಂದ ಸ್ವಲ್ಪ ಮೇಲೆ ಸರಿಸಿದರೆ ಸಾಕು, ಶಾರ್ಟ್ಸ್‌ಗಳ ಸಾಲು ಎದುರಾಗುತ್ತದೆ. ಪೆನ್ನು ಕೈಯಲ್ಲೇ ಇರುತ್ತದೆ, ಹೆಬ್ಬೆರಳು ಮಾತ್ರ ಓಡುತ್ತಿರುತ್ತದೆ. ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದಾಗ ಪೀಡೆ ತೊಲಗಿತು ಎಂದವರು ಬಹಳ ಜನ. ಆದರೆ ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಬೇರೆಯೇ ಆ್ಯಪ್ ಆಗಿದ್ದಾಗ ಅದನ್ನು ಅಳಿಸಿಬಿಡಬಹುದಿತ್ತು. ಈಗ ಪಾಠವೂ ಕಾಲಹರಣವೂ ಒಂದೇ ಆ್ಯಪಿನಲ್ಲಿರುವಾಗ, ಯೂಟ್ಯೂಬ್ ಮುಚ್ಚಿದರೆ ಪಾಠವೂ ಮುಚ್ಚುತ್ತದೆ.

ಶಾರ್ಟ್ಸ್ ಮತ್ತು ರೀಲ್ಸ್ ಪುಟಗಳನ್ನಷ್ಟೇ ತಡೆದು ಉಳಿದದ್ದನ್ನು ಬಿಡುವ ಆ್ಯಪ್‌ಗಳು ಆಂಡ್ರಾಯ್ಡ್‌ನಲ್ಲಿ ಸಿಗುತ್ತವೆ. ಎರಡನೆಯ ಪ್ರಶ್ನೆ ಬರುವುದು ಇಲ್ಲಿಯೇ. ಪರದೆಯ ಮೇಲೆ ಈಗ ಯಾವ ಪುಟವಿದೆ ಎಂದು ಗುರುತಿಸಲು ಅವು ಸಾಮಾನ್ಯವಾಗಿ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸೇವೆಗಳಿಗಾಗಿ ಮಾಡಿದ ಸೌಲಭ್ಯವಿದು. ಇದನ್ನು ಪಡೆದ ಆ್ಯಪ್ ಪರದೆಯ ಮೇಲಿನ ಅಕ್ಷರಗಳನ್ನು ಓದಬಲ್ಲದು, ನಮ್ಮ ಪರವಾಗಿ ಗುಂಡಿಯನ್ನೂ ಒತ್ತಬಲ್ಲದು. ವಂಚಕರು ಬ್ಯಾಂಕ್ ಖಾತೆ ದೋಚಲು ಬಳಸುವುದೂ ಇದೇ ಅನುಮತಿಯನ್ನು. ನಾನು ಅಂಥದೊಂದನ್ನು ಹಾಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಓದುವ ರಾಣೆಬೆನ್ನೂರಿನ ಹುಡುಗ ನೋಡಿ, "ಅಕ್ಕಾರ, ಆ ಪರ್ಮಿಷನ್ ಕೊಟ್ರ ಸ್ಕ್ರೀನ್ ಮ್ಯಾಲೆ ಬರೂದೆಲ್ಲಾ ಓದತೈತ್ರಿ ಅದು, ಮೊದಲ ಯಾರು ಮಾಡ್ಯಾರ ನೋಡ್ರಿ" ಎಂದ. ಅವನ ಮಾತು ಸರಿಯಾದದ್ದು. ಪ್ಲೇ ಸ್ಟೋರ್ ಪುಟದಲ್ಲಿ ತಯಾರಕರ ಹೆಸರು ಮತ್ತು ಡೇಟಾ ಸುರಕ್ಷತೆಯ ವಿಭಾಗ ಎರಡನ್ನೂ ಓದದೆ ಆ ಅನುಮತಿ ಕೊಡಬಾರದು. ಟೆಲಿಗ್ರಾಂನಲ್ಲಿ ಬಿಟ್ಟಿಯಾಗಿ ಹಂಚುವ 'ಪ್ರೊ' ಎಪಿಕೆಗಳನ್ನು, ಅಂದರೆ ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್ ಫೈಲುಗಳನ್ನು, ಮುಟ್ಟಲೇಬಾರದು.

ಅನುಮತಿಯ ಈ ಗೊಡವೆಯೇ ಬೇಡ ಎನ್ನುವವರು ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೋಗಳ ಇತಿಹಾಸವನ್ನು ಅಳಿಸಿ ನಿಲ್ಲಿಸಬಹುದು. 2023ರ ಆಗಸ್ಟಿನಿಂದ, ಇತಿಹಾಸ ಬಂದ್ ಇದ್ದವರ ಮುಖಪುಟದಲ್ಲಿ ಶಿಫಾರಸು ಮಾಡಿದ ವಿಡಿಯೋಗಳು ಬರುವುದಿಲ್ಲ. ತೆರೆದರೆ ಖಾಲಿ ಪುಟ, ಬೇಕಾದ ಪಾಠವನ್ನು ಹೆಸರು ಹಾಕಿಯೇ ಹುಡುಕಬೇಕು. ನನ್ನ ಮಟ್ಟಿಗೆ ಯಾವ ಆ್ಯಪೂ ಮಾಡದಷ್ಟು ಕೆಲಸವನ್ನು ಈ ಒಂದು ಸೆಟ್ಟಿಂಗ್ ಮಾಡಿದೆ.

ತಡೆಯುವ ಬದಲು ತಡಮಾಡಿಸುವ ಆ್ಯಪ್‌ಗಳೂ ಇವೆ. ವನ್ ಸೆಕ್ ಎಂಬುದು ಇನ್‌ಸ್ಟಾಗ್ರಾಂ ತೆರೆಯಲು ಹೋದಾಗ ಒಮ್ಮೆ ದೀರ್ಘವಾಗಿ ಉಸಿರಾಡಲು ಹೇಳಿ, ಆಮೇಲೆ ನಿಜಕ್ಕೂ ತೆರೆಯಬೇಕೇ ಎಂದು ಕೇಳುತ್ತದೆ. ಅದರ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕೇಳಿದಾಗ ಶೇ. 36ರಷ್ಟು ಸಲ ಜನ ಆ ಆ್ಯಪನ್ನು ತೆರೆಯದೆ ಹಿಂದೆ ಸರಿದರು ಎಂದು ಕಂಡುಬಂತು. ಆ್ಯಪ್ ತಯಾರಿಸಿದವರೇ ಅಧ್ಯಯನದಲ್ಲಿ ಭಾಗಿಯಾಗಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಕ್ರೀನ್‌ಝೆನ್ ಇದೇ ಬಗೆಯದು, ಉಚಿತ, ನಾನು ಇಟ್ಟುಕೊಂಡಿರುವುದೂ ಅದನ್ನೇ. ಫಾರೆಸ್ಟ್ ಆ್ಯಪಿನಲ್ಲಿ ಓದುವಷ್ಟು ಹೊತ್ತು ಒಂದು ಗಿಡ ಬೆಳೆಯುತ್ತದೆ, ನಡುವೆ ಬೇರೆಡೆ ಹೋದರೆ ಒಣಗುತ್ತದೆ. ಗೆಳತಿಯರು ಸೇರಿ ಓದುವಾಗ ಚೆನ್ನಾಗಿಯೇ ಇರುತ್ತದೆ, ಒಬ್ಬಳೇ ಇದ್ದಾಗ ಗಿಡ ಒಣಗಿದರೆ ಒಣಗಲಿ ಎನಿಸುತ್ತದೆ.

ಯಾವುದನ್ನೇ ಹಾಕಿದರೂ ಎರಡು ಸಣ್ಣ ಸಂಗತಿಗಳನ್ನು ಗಮನಿಸಬೇಕು. ಶಿಯೋಮಿ, ವಿವೋ, ಒಪ್ಪೋ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ತಾವೇ ನಿಲ್ಲಿಸಿಬಿಡುವುದರಿಂದ, ಆ್ಯಪ್ ತಾನಾಗಿಯೇ ಶುರುವಾಗಲು ಬಿಡುವ ಆಟೋಸ್ಟಾರ್ಟ್ ಅನುಮತಿ ಕೊಡದಿದ್ದರೆ ತಡೆ ಸದ್ದಿಲ್ಲದೆ ಕಳಚಿಹೋಗುತ್ತದೆ. ಇನ್ನು ಏಳು ದಿನ ಉಚಿತ ಎನ್ನುವಂಥವು ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಯುಪಿಐ ಆಟೋಪೇಗೆ ಒಪ್ಪಿಗೆ ಪಡೆದಿರುತ್ತವೆ. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಆ ಒಪ್ಪಿಗೆ ರದ್ದಾಗುವುದಿಲ್ಲ.

ನಾನೇ ಎಷ್ಟು ಸುಲಭವಾಗಿ ಬಂದ್ ಮಾಡಬಹುದು ಎಂಬ ಮೊದಲ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಆ್ಯಪಿನ ಹೊರಗಿತ್ತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮದಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಮೊಳಗಿದರೆ ಒಂದೂವರೆ ತಾಸು ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್ ಮಾಡುವ ಕ್ರಮ ತಂದರು. ಅಲ್ಲಿ ಊರೇ ಕಾವಲು ನಿಂತಿತು. ನನಗೆ ಹಾವೇರಿಯಲ್ಲಿರುವ ತಂಗಿ ಸಾಕಾದಳು. ಸೆಟ್ಟಿಂಗ್ ಬದಲಿಸಲು ಬೇಕಾದ ಪಿನ್ನನ್ನು ಅವಳೇ ಹಾಕಿದ್ದಾಳೆ, ನನಗೆ ಹೇಳಿಲ್ಲ. ಫೋನ್ ಮಾಡಿ ಕೇಳಿದರೆ "ಯಾಕ ಬೇಕಕ್ಕಾ ಈಗ?" ಎನ್ನುತ್ತಾಳೆ, ಅದಕ್ಕೆ ಕೊಡುವಂಥ ಕಾರಣ ನನ್ನ ಬಳಿ ಸಾಮಾನ್ಯವಾಗಿ ಇರುವುದಿಲ್ಲ.

ಟೆಲಿಗ್ರಾಂಗೆ ಮಾತ್ರ ಯಾವ ಆ್ಯಪೂ ಸರಿಹೊಂದಲಿಲ್ಲ, ಏಕೆಂದರೆ ಅಲ್ಲಿ ಬೇಕಾದ ಪಿಡಿಎಫ್ ಮತ್ತು ಬೇಡದ ಹರಟೆ ಒಂದೇ ಚಾನೆಲ್‌ನಲ್ಲಿ ಬರುತ್ತವೆ. ಅದಕ್ಕೆ ಈಗ ತಿಂಗಳ ಕೊನೆಗೆ ಒಮ್ಮೆ ತೆರೆದು, ಬೇಕಾದಷ್ಟನ್ನು ಇಳಿಸಿಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ಹಾಳೆಯ ಎರಡೂ ಬದಿಗೆ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಳ್ಳುತ್ತಿದ್ದೇನೆ.