ಹಿತ್ತಲಿನ ಎರೆಹುಳು ಹಾಕಬಹುದಾ?

ಮನೆಗೆ ಬಂದವರು ಗಾಜಿನ ತೊಟ್ಟಿಯಲ್ಲಿರುವ ನಮ್ಮ ಆಕ್ಸೊಲಾಟಲ್ ನೋಡಿ ಮೊದಲು ಕೇಳುವುದು ತಲೆಯ ಎರಡೂ ಬದಿಗೆ ಗರಿಯಂತೆ ಹರಡಿರುವ ಕಿವಿರಿನ ಬಗ್ಗೆ. ಮೆಕ್ಸಿಕೊದ ಸೊಚಿಮಿಲ್ಕೊ ಕೆರೆಯ ಮೂಲದ ಈ ಉಭಯಚರ ಎರೆಹುಳು ತಿನ್ನುತ್ತದೆ ಎಂದ ತಕ್ಷಣ ಎರಡನೆಯ ಪ್ರಶ್ನೆ ಬರುತ್ತದೆ: "ಹಿತ್ತಲಲ್ಲೇ ಸಿಗುತ್ತಲ್ಲ, ಹಿಡಿದು ಹಾಕಬಹುದಾ? ಅಂಗಡಿಯದ್ದೇ ಒಳ್ಳೆಯದಲ್ವಾ?"

ಹಾಕಬಹುದು. ಐದು ವರ್ಷದಿಂದ ಹಾಕುತ್ತಿದ್ದೇನೆ. ಆದರೆ ಹುಳು ಹುಡುಕುವ ಮೊದಲು ಆ ಮಣ್ಣಿಗೆ ಯಾರು ಏನು ಸುರಿದಿದ್ದಾರೆ ಎಂದು ಗೊತ್ತಿರಬೇಕು. ಎರೆಹುಳು ಮಣ್ಣನ್ನೇ ನುಂಗುತ್ತಾ ಸಾಗುವ ಜೀವಿ, ಮಣ್ಣಿಗೆ ಬಿದ್ದದ್ದು ಅದರ ಹೊಟ್ಟೆಗೂ ಹೋಗುತ್ತದೆ. ಮಿಶಿಗನ್ನಿನ ನಮ್ಮಂಥ ಬಡಾವಣೆಗಳಲ್ಲಿ ಹುಲ್ಲುಹಾಸಿಗೆ ಕಳೆನಾಶಕ, ಗೊಣ್ಣೆಹುಳುವಿಗೆ ಇಮಿಡಾಕ್ಲೋಪ್ರಿಡ್ ಹಾಕಿಸುವುದು ಮಾಮೂಲು. ಮೊದಲಿದ್ದ ಬಾಡಿಗೆ ಮನೆಯಲ್ಲಿ ಒಂದು ರಾತ್ರಿ ಡಬ್ಬಿ ತುಂಬ ಹುಳು ಆರಿಸಿಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಅಂಗಳದಲ್ಲಿ ಔಷಧಿ ಹೊಡೆದ ಗುರುತಿನ ಪುಟ್ಟ ಬಾವುಟ. ಮಳೆನೀರು ಆ ಕಡೆಯಿಂದಲೇ ನಮ್ಮಲ್ಲಿಗೆ ಇಳಿಯುತ್ತಿತ್ತು. ಅಷ್ಟನ್ನೂ ಆರಿಸಿದ ಜಾಗಕ್ಕೇ ಬಿಟ್ಟೆ. ಆ ಮನೆಯಲ್ಲಿರುವವರೆಗೆ ಮತ್ತೆ ಹುಳು ಹಿಡಿಯಲಿಲ್ಲ.

ಇನ್ನು ಅಂಗಡಿಯ ಮಾತು. ಡಬ್ಬಿಯಲ್ಲಿ ಬರುವ 'ಕೆನಡಿಯನ್ ನೈಟ್‌ಕ್ರಾಲರ್' ಎಂಬ ದಪ್ಪ ಹುಳುಗಳು ಸಾಕಿದವಲ್ಲ. ಒಂಟಾರಿಯೊದ ಹೊಲಗಳಲ್ಲಿ ಕೂಲಿಯವರು ರಾತ್ರಿ ಹಣೆಗೆ ದೀಪ ಕಟ್ಟಿಕೊಂಡು, ಬಗ್ಗಿ, ಕೈಯಲ್ಲೇ ಆರಿಸಿದವು. ಅದೂ ಯಾರದೋ ಹೊಲದ ಮಣ್ಣೇ ತಾನೆ? ಮಂಜು ಬಿದ್ದು ನೆಲ ಗಟ್ಟಿಯಾದ ತಿಂಗಳುಗಳಲ್ಲಿ ನಾನೂ ಅವನ್ನೇ ಕೊಳ್ಳುತ್ತೇನೆ. ಗಾಳಕ್ಕೆಂದು ಹಸಿರು ಬಣ್ಣ ಹಾಕಿ ಮಾರುವುದನ್ನು ಮಾತ್ರ ಮುಟ್ಟಬೇಡಿ.

ತೀರ್ಥಹಳ್ಳಿ ಕಡೆ ನಾವು ಗಾಳಕ್ಕೆ ಎರೆಹುಳು ತೆಗೆಯುತ್ತಿದ್ದದ್ದು ಬಚ್ಚಲ ನೀರು ಹೋಗುವ ಬಾಳೆಬುಡದಲ್ಲಿ. ಸೋಪಿನ ನೀರಲ್ಲಿ ಬೆಳೆದ ಹುಳು ಮೀನು ಹಿಡಿಯುವುದಕ್ಕೆ ಸರಿ, ಇದಕ್ಕೆ ಸಲ್ಲದು. ಇಲ್ಲಿ ಮಳೆ ನಿಂತ ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಹೋಗುತ್ತೇನೆ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಮೈ ಹೊರಗೆ ಚಾಚಿದ್ದರೂ ಬಾಲ ಬಿಲದಲ್ಲೇ ಇರುತ್ತದೆ, ಮೈಮೇಲಿನ ಬಿರುಗೂದಲು ಊರಿ ಬಿಲದ ಗೋಡೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಳೆದರೆ ತುಂಡಾಗುತ್ತದೆ. ಹಿಡಿದುಕೊಂಡು ಸುಮ್ಮನೆ ಕಾದರೆ ಪಟ್ಟು ತಾನಾಗಿ ಸಡಿಲುತ್ತದೆ, ಆಗ ಇಡೀ ಹುಳು ನುಣ್ಣಗೆ ಕೈಗೆ ಬರುತ್ತದೆ.

ತಂದವನ್ನು ಕ್ಲೋರಿನ್ ತೆಗೆದ ನೀರಲ್ಲಿ ತೊಳೆದು, ಒದ್ದೆ ಕಾಗದದ ಮೇಲೆ ತಂಪಾದ ಕಡೆ ಎರಡು ದಿನ ಇಡುತ್ತೇನೆ. ಹೊಟ್ಟೆಯ ಮಣ್ಣು ಹೊರಹೋಗಲಿ ಎಂದು. ಮರಿಯಾಗಿದ್ದಾಗ ಕತ್ತರಿಸಿ ಕೊಡುತ್ತಿದ್ದೆ. ಈಗ ಬಾಯಿ ತೆರೆದು ನೀರಿನ ಸಮೇತ ಸರ್ರನೆ ಸೆಳೆದುಕೊಳ್ಳುತ್ತದೆ.

ಊರಿನವರು ಫೋನಿನಲ್ಲಿ, "ನಮ್ಮ ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು ಆಗಲ್ವೇನೇ?" ಎನ್ನುತ್ತಾರೆ. ಅದು ಐಸೀನಿಯಾ ಫೆಟಿಡಾ. ಫೆಟಿಡಾ ಎಂದರೇ ನಾರುವಂಥದ್ದು. ಮುಟ್ಟಿ ಕೆಣಕಿದರೆ ಹಳದಿ ದ್ರವ ಬಿಡುತ್ತದೆ. ಒಮ್ಮೆ ಕೊಟ್ಟು ನೋಡಿದೆ, ನಮ್ಮದು ಬಾಯಿಗೆ ಹಾಕಿಕೊಂಡು ಉಗುಳಿಬಿಟ್ಟಿತು.

ಉಳಿದ ಹುಳುವನ್ನು ದಯವಿಟ್ಟು ಹತ್ತಿರದ ಕಾಡಿಗೆ ಬಿಡಬೇಡಿ. ಹಿಮಯುಗದ ನೀರ್ಗಲ್ಲು ಹರಡಿದ್ದ ಮಿಶಿಗನ್ನಿನಲ್ಲಿ ಸ್ಥಳೀಯ ಎರೆಹುಳುಗಳೇ ಇಲ್ಲ. ಈಗಿರುವವು ಯುರೋಪಿನಿಂದ, ಏಷ್ಯಾದಿಂದ ಬಂದವು. ಮೇಪಲ್ ಕಾಡಿನ ತರಗೆಲೆಯ ಹಾಸನ್ನು ಅವು ತಿಂದು ಬರಿದು ಮಾಡುತ್ತವೆ, ಅದರಡಿ ಮೊಳೆಯಬೇಕಾದ ಗಿಡಗಳು ಸೊರಗುತ್ತವೆ. ರೈತನ ಮಿತ್ರ ಎಂದು ಶಾಲೆಯಲ್ಲಿ ಕಲಿತಿದ್ದ ನನಗೆ ಇದನ್ನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು. ಹೆಚ್ಚಾದವನ್ನು ಹಿಡಿದ ಹಿತ್ತಲಿಗೇ ಹಿಂದಕ್ಕೆ ಬಿಡುತ್ತೇನೆ.