ನೆನಪಿನ ಮಾತ್ರೆ ಕೊಳ್ಳುವ ಮೊದಲು

ಅಮ್ಮ ಗ್ಯಾಸ್ ಆರಿಸಲು ಮರೆತರೆ, ಅಪ್ಪ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ, ಮಕ್ಕಳು ಮೆಡಿಕಲ್ ಶಾಪಿಗೆ ಹೋಗಿ ನೆನಪಿನ ಮಾತ್ರೆ ತರುತ್ತಾರೆ. ಆ ದುಡ್ಡಿನಲ್ಲಿ ಮೊದಲು ಮಾಡಿಸಬೇಕಾದ್ದು ಒಂದು ರಕ್ತಪರೀಕ್ಷೆ: ವಿಟಮಿನ್ ಬಿ12. ಸಸ್ಯಾಹಾರಿ ಮನೆಗಳಲ್ಲಂತೂ ಇದನ್ನು ಮುಂದೂಡಲೇಬಾರದು.

ಸೊಪ್ಪು, ಬೇಳೆ, ತರಕಾರಿ ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಅದು ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ದಿನಕ್ಕೆ ಬೇಕಾದ್ದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು. 200 ಎಂಎಲ್ ಹಾಲಿನಲ್ಲಿ ಹೆಚ್ಚುಕಡಿಮೆ ಒಂದು ಮೈಕ್ರೋಗ್ರಾಂ ಇರುತ್ತದೆ. ನೀರು ಮಜ್ಜಿಗೆ, ಎರಡು ಚಮಚ ಹಾಲು ಹಾಕಿದ ಕಾಫಿ ಲೆಕ್ಕಕ್ಕೇ ಬರುವುದಿಲ್ಲ. ತಿಂದದ್ದು ಒಳಗೆ ಸೇರಲೂಬೇಕು. ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸುವುದು ಹೊಟ್ಟೆಯ ಆಮ್ಲ. ವಯಸ್ಸಾದಂತೆ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ. ಇದರ ಮೇಲೆ ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇರಿದರೆ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು. ಹಾಗೆಂದು ಆ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸಿ.

ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬಹಳ ನಿಧಾನವಾಗಿ ಬರುತ್ತದೆ. ಪಾದ ಜುಮ್ಮೆನ್ನುತ್ತದೆ, ಕತ್ತಲಲ್ಲಿ ನಡೆದರೆ ತೂರಾಡಿದಂತಾಗುತ್ತದೆ, ಮಂಕು ಕವಿಯುತ್ತದೆ, ಮರೆವು ಬರುತ್ತದೆ. ಶುಗರ್ ಇದ್ದವರ ಪಾದ ಜೋಮು ಹಿಡಿದರೆ ಎಲ್ಲರೂ ಶುಗರ್ ಮೇಲೇ ಹಾಕುತ್ತಾರೆ, ಬಿ12 ಯಾರಿಗೂ ನೆನಪಾಗುವುದಿಲ್ಲ. ಹಿಮೋಗ್ಲೋಬಿನ್ ಸರಿಯಿದೆ ಎಂಬ ಸಮಾಧಾನವೂ ಸಾಲದು. ಬರೀ ಫೋಲಿಕ್ ಆಸಿಡ್ ನುಂಗುತ್ತಿದ್ದರೆ ರಕ್ತಹೀನತೆ ಸರಿಹೋದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೆಯೂ ಇರಬಹುದು.

ವರದಿಯಲ್ಲಿ ಬಿ12 ಒಂದು ಎಂಎಲ್ ರಕ್ತಕ್ಕೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎಂದೇ ಲೆಕ್ಕ. 200ರಿಂದ 300ರ ನಡುವೆ ಬಂದರೆ ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ರಕ್ತ ಕೊಡುವುದು ಮಾತ್ರೆ ಶುರುಮಾಡುವ ಮೊದಲೇ ಆಗಬೇಕು, ಇಲ್ಲದಿದ್ದರೆ ಅಂಕಿ ಚೆನ್ನಾಗಿ ಕಂಡು ಮೋಸ ಹೋಗುತ್ತೀರಿ. ಜೋಮು, ತೂರಾಟ ಇದ್ದವರಿಗೆ ಸಾಮಾನ್ಯವಾಗಿ ಇಂಜೆಕ್ಷನ್ನೇ. ಉಳಿದವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಸಾಕಾಗುವುದುಂಟು. ಎರಡೂವರೆ ಬೇಕಾದ ಕಡೆ ಸಾವಿರ ಏಕೆಂದರೆ, ಹೀರುವ ವ್ಯವಸ್ಥೆ ಕೆಟ್ಟಾಗ ನೂರರಲ್ಲಿ ಒಂದು ಪಾಲಷ್ಟೇ ಕರುಳಿನಿಂದ ನೇರ ಒಳಗೆ ಹೋಗುತ್ತದೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪದ ಬಿ12, ಅದನ್ನು ನಂಬಬೇಡಿ.

ವಿಟಮಿನ್ ಡಿಯ ತೊಂದರೆ ಇದರ ತದ್ವಿರುದ್ಧ. 60,000 ಯೂನಿಟ್‌ನ ಪೊಟ್ಟಣವನ್ನು ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದುಕೊಟ್ಟರೆ, ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ತರುವವರಿದ್ದಾರೆ. ದಿನಕ್ಕೊಂದು ತೆಗೆದುಕೊಂಡು ಆಸ್ಪತ್ರೆ ಸೇರುವವರೂ ಇದ್ದಾರೆ. ವಿಟಮಿನ್ ಡಿ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಮಲಬದ್ಧತೆ, ಬಾಯಾರಿಕೆ, ಕೊನೆಗೆ ಗೊಂದಲ, ಮಂಪರು. ಮರೆವಿಗೆ ಮದ್ದು ಹುಡುಕುತ್ತಾ ಮರೆವನ್ನೇ ತಂದುಕೊಂಡಂತೆ.

ಇನ್ನು ನೆನಪಿಗೆಂದು ಮಾರುವ ಗಿಂಕ್ಗೊ ಎಂಬ ಮರದ ಎಲೆಯ ಸಾರ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕ್ಗೊ ಅಥವಾ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. 2008ರಲ್ಲಿ ಬಂದ ಫಲಿತಾಂಶ: ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ತಡೆಯುವುದರಲ್ಲಿ ಎರಡೂ ಒಂದೇ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಗಿಂಕ್ಗೊದಿಂದ ರಕ್ತಸ್ರಾವದ ಅಪಾಯ ಬೇರೆ. ಬ್ರಾಹ್ಮಿ ಎಂಬ ಹೆಸರಿನಲ್ಲಂತೂ ಎರಡು ಬೇರೆ ಗಿಡಗಳಿವೆ, ನಮ್ಮ ಒಂದೆಲಗ ಒಂದು, ನೀರುಬ್ರಾಹ್ಮಿ ಇನ್ನೊಂದು. ಒಂದೆಲಗದ ತಂಬುಳಿ ಒಳ್ಳೆಯ ಊಟ, ಮಾಡಿ ಉಣ್ಣಿ. ಚಿಕಿತ್ಸೆ ಎಂದುಕೊಳ್ಳಬೇಡಿ.

ಪ್ರೋಟೀನ್ ಪುಡಿಡಬ್ಬದ ಕೆಲಸವನ್ನು ಬಹುಪಾಲು ಅಡುಗೆಮನೆಯೇ ಮಾಡಬಲ್ಲದು. ಹಿರಿಯರಿಗೆ ತೂಕದ ಕಿಲೋಗೊಂದು ಗ್ರಾಂನಿಂದ 1.2 ಗ್ರಾಂ ಪ್ರೋಟೀನ್ ಬೇಕು, 60 ಕಿಲೋ ಇದ್ದರೆ 60ರಿಂದ 72 ಗ್ರಾಂ. 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಲ್ಲಿ 7 ಗ್ರಾಂ. 15 ಗ್ರಾಂ ಬೇಳೆ ಹಾಕಿದ ತೆಳ್ಳನೆ ಸಾರಿನಲ್ಲಿ 3 ಗ್ರಾಂ. ಬಸ್ಸಾರು ಮಾಡಿದ ದಿನ ಹಿರಿಯರು ಕಟ್ಟಿನ ಸಾರು ಉಂಡು, ಹಲ್ಲಿಲ್ಲವೆಂದು ಕಾಳಿನ ಪಲ್ಯ ಬಿಡುತ್ತಾರೆ. ಪ್ರೋಟೀನ್ ಉಳಿದಿರುವುದು ಆ ಪಲ್ಯದಲ್ಲೇ! ಕಾಳನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಒಂದು ಹಿಡಿ ರುಬ್ಬಿ ಸಾರಿಗೇ ಸೇರಿಸಿ. 40 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ 9 ಗ್ರಾಂ ಬರುತ್ತದೆ, ಎರಡು ಮೊಟ್ಟೆಯಲ್ಲಿ 12, ಒಂದು ಲೋಟ ಹಾಲಿನಲ್ಲಿ 6. ಎಲ್ಲವನ್ನೂ ಮಧ್ಯಾಹ್ನಕ್ಕೇ ಸುರಿಯದೆ ಮೂರು ಹೊತ್ತಿಗೂ ಹಂಚಿ, ಮುಪ್ಪಿನ ಸ್ನಾಯು ಚೂರುಪಾರು ಪ್ರೋಟೀನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ತಿಂದದ್ದು ಸ್ನಾಯುವಾಗಲು ಕಾಲಿಗೆ ಭಾರ ಬೀಳಬೇಕು, ಬರೀ ವಾಕಿಂಗ್ ಸಾಲದು. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ, ಎತ್ತರ 43 ಸೆಂಟಿಮೀಟರ್ ಆಸುಪಾಸು. ಪಾದ ಭುಜದಗಲ ಇಟ್ಟು, ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಮೂರು ಎಣಿಸುತ್ತಾ ನಿಧಾನ ಕುಳಿತುಕೊಳ್ಳಿ. ಎಂಟು ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಮಂಡಿ ಒಳಕ್ಕೆ ವಾಲಿದರೆ ನೋವು ಶುರು. ಹನ್ನೆರಡು ಸಲೀಸಾದ ಮೇಲೆ ಎದೆಗೆ ಎರಡು ಲೀಟರ್ ನೀರಿನ ಬಾಟಲಿ ಅಪ್ಪಿಕೊಂಡು ಏಳಿ. ಬಿಪಿ ಮಾತ್ರೆ ನುಂಗುವವರಿಗೆ ಎದ್ದಾಗ ತಲೆ ತಿರುಗಿದರೆ ಅಂದಿಗೆ ನಿಲ್ಲಿಸಿ ಬಿಪಿ ನೋಡಿಸಿ.

ಇದು ಮಿದುಳಿಗೇಕೆ ಎನ್ನುವವರಿಗೆ ಫಿನ್ಲೆಂಡಿನ ಫಿಂಗರ್ ಅಧ್ಯಯನ ಹೇಳಬೇಕು. 60ರಿಂದ 77 ವಯಸ್ಸಿನ 1,260 ಜನರಲ್ಲಿ ಊಟ, ಸ್ನಾಯುಬಲದ ಮತ್ತು ದಮ್ಮಿನ ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ ಶುಗರ್ ಮೇಲೆ ಕಣ್ಣು, ಇಷ್ಟನ್ನೂ ಒಟ್ಟಿಗೆ ಎರಡು ವರ್ಷ ನಡೆಸಿದ ಗುಂಪು ಆಲೋಚನೆಯ ಪರೀಕ್ಷೆಗಳಲ್ಲಿ ಬರೀ ಸಲಹೆ ಪಡೆದವರಿಗಿಂತ ಮುಂದಿತ್ತು. ಒಂದೊಂದನ್ನೇ ಬಿಡಿಸಿ ಇದರಿಂದಲೇ ಆಯಿತು ಎನ್ನಲಾಗದು.

ಕೈ ಎದೆಗೆ ಕಟ್ಟಿ ಅದೇ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರೆಂದು ಎಣಿಸಿ. 70–74ರ ವಯಸ್ಸಿನಲ್ಲಿ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಮೂರು ತಿಂಗಳಿಗೆ ಮತ್ತೆ ಎಣಿಸಿ.