ಆ ವಾಸನೇಲಿ ಹೇಗ್ರೀ ಇದ್ರಿ?

ಕೆಮಿಕಲ್ ಫ್ಯಾಕ್ಟರಿಯಲ್ಲಿ ಇದ್ದೆ ಅಂತ ಬಾಯಿ ಬಿಟ್ಟರೆ ಸಾಕು, ಮುಂದಿನ ಮಾತು ಇದೇ. "ಅಯ್ಯೋ, ಆ ವಾಸನೇಲಿ ಹೇಗ್ರೀ ಇದ್ರಿ ಅಷ್ಟು ವರ್ಷ?" ರೈಲಿನಲ್ಲಿ ಎದುರು ಸೀಟಿನವರು ಕೇಳುತ್ತಾರೆ, ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳುತ್ತಾರೆ. ಕೇಳುವಾಗ ಎಲ್ಲರ ಮೂಗೂ ಸ್ವಲ್ಪ ಸುಕ್ಕಾಗುತ್ತದೆ, ನನ್ನ ಅಂಗಿಯಿಂದ ಇನ್ನೂ ಬರ್ತಾ ಇದೆಯೇನೋ ಅನ್ನುವ ಹಾಗೆ. ರಿಟೈರ್ ಆಗಿದ್ದೇನೆ ಸ್ವಾಮಿ. ಅಂಗಿಗಳೂ ಬೇರೆ.

ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಉತ್ತರ: ನಮಗೆ ವಾಸನೆ ಬರುತ್ತಿರಲಿಲ್ಲ.

ಇದನ್ನು ಯಾರೂ ನಂಬುವುದಿಲ್ಲ. ಕಂಪನಿ ಪರ ಮಾತಾಡ್ತಾನೆ ಅಂದುಕೊಳ್ಳುತ್ತಾರೆ. ಹಾಗಾಗಿ ಚಿಕ್ಕಮ್ಮನ ಕಥೆ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಕ್ವಾರ್ಟರ್ಸ್ ಸಿಕ್ಕಿತ್ತು. ಚಿಕ್ಕಮ್ಮ ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತರು. ಚೀಲ ಕೂಡ ಕೆಳಗಿಡಲಿಲ್ಲ.

"ಏನೋ ಇದು, ಬಚ್ಚಲು ತೊಳೆದು ಹಾಗೇ ಬಿಟ್ಟಿದ್ದೀಯಾ?"

"ಇಲ್ವಲ್ಲ ಚಿಕ್ಕಮ್ಮ. ಯಾಕೆ?"

"ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೀತಿದೆಯಲ್ಲೋ!"

ನಾನು ನಿಜವಾಗಿಯೂ ಸುತ್ತ ಮೂಸಿ ನೋಡಿದೆ. "ಯಾವ ವಾಸನೆ?" ಅಂದೆ.

ಅವರು ನಾಲ್ಕು ದಿನ ಇರಲು ಬಂದವರು ಎರಡನೇ ದಿನಕ್ಕೇ ಹೊರಟರು. ಊರಿಗೆ ಹೋಗಿ, ಹುಡುಗನ ಮೂಗು ಸತ್ತುಹೋಗಿದೆ ಅಂತ ಮನೆಮಂದಿಗೆಲ್ಲ ಹೇಳಿದರು. ಭಾವ ಫೋನ್ ಮಾಡಿ, ಮೂಗಿನ ಡಾಕ್ಟರನ್ನು ನೋಡು ಅಂತ ಬುದ್ಧಿ ಹೇಳಿದರು. ಮದುವೆ ಮಾತುಕತೆ ನಡೆಯುತ್ತಿದ್ದ ಕಾಲ. ಹುಡುಗಿ ಕಡೆಯವರಿಗೆ ಈ ವಿಷಯ ತಿಳಿಯದ ಹಾಗೆ ನೋಡಿಕೊಂಡರಂತೆ. ಮೂಗಿಗೆ ಏನೂ ಆಗಿರಲಿಲ್ಲ. ಯಾವ ವಾಸನೆಯಾದರೂ ಸದಾ ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ರಜೆ ಮುಗಿಸಿ ವಾಪಸ್ ಬಂದ ಮೊದಲ ದಿನ ನಮಗೂ ತಿಳಿಯುತ್ತಿತ್ತು. ಸಂಜೆ ಹೊತ್ತಿಗೆ ಮಾಯ.

ಪ್ರಶ್ನೆಗೆ ಉತ್ತರ ಇಷ್ಟೇ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೇಳುವವರು ನಿಲ್ಲಿಸುವುದಿಲ್ಲ. "ಅಂಥಾ ವಿಷ ಯಾಕ್ರೀ ಮಾಡ್ತೀರಿ?" ಅಂತ ಎರಡನೇ ಪ್ರಶ್ನೆ ಬರುತ್ತದೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ.

ನಾವು ಮಾಡುತ್ತಿದ್ದದ್ದು ಕಾಸ್ಟಿಕ್ ಸೋಡಾ. ಉಪ್ಪು ನೀರಿನಲ್ಲಿ ಕರೆಂಟ್ ಹರಿಸುವುದು, ಅಷ್ಟೇ. ಒಂದು ಕಡೆ ಕಾಸ್ಟಿಕ್ ಬರುತ್ತದೆ, ಜೊತೆಗೆ ಹೈಡ್ರೋಜನ್. ಇನ್ನೊಂದು ಕಡೆ ಕ್ಲೋರಿನ್. ಸೋಪಿಗೆ, ಕಾಗದಕ್ಕೆ, ಬಟ್ಟೆ ಗಿರಣಿಗೆ, ಅಲ್ಯೂಮಿನಿಯಂ ತೆಗೆಯುವುದಕ್ಕೆ ಕಾಸ್ಟಿಕ್ ಬೇಕೇ ಬೇಕು. 1,000 ಕಿಲೋ ಕಾಸ್ಟಿಕ್ ಮಾಡಿದರೆ 886 ಕಿಲೋ ಕ್ಲೋರಿನ್ ಬಂದೇ ಬರುತ್ತದೆ, ನಿಮಗೆ ಬೇಕಿರಲಿ ಬೇಡದಿರಲಿ. ಅವಳಿ ಮಕ್ಕಳ ಹಾಗೆ. ಆ ಕ್ಲೋರಿನ್ ಕುಡಿಯುವ ನೀರನ್ನು ಶುದ್ಧ ಮಾಡುತ್ತದೆ, ಪಿವಿಸಿ ಪೈಪ್ ಆಗುತ್ತದೆ, ಎಷ್ಟೋ ಔಷಧಿಗಳ ತಯಾರಿಗೆ ಹೋಗುತ್ತದೆ. ನನ್ನನ್ನು ಈ ಪ್ರಶ್ನೆ ಕೇಳಿದ ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕದ ನಲ್ಲಿಯಲ್ಲೂ ಅದೇ ಇತ್ತು. ಬಾಯಿ ತೆರೆದಿದ್ದರಿಂದ ಹೇಳಲಾಗಲಿಲ್ಲ.

ಕೆಲಸ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸೆಲ್ ಹೌಸ್ ಅಂತ ಇತ್ತು. ಉಪ್ಪು ನೀರು ಒಡೆಯುವ ಜಾಗ. ಒಂದೊಂದು ಸೆಲ್ಲಿಗೆ ಬೇಕಾದದ್ದು ಬರೀ 3 ವೋಲ್ಟ್ ಚಿಲ್ಲರೆ. ಆದರೆ ಹರಿಯುವ ಕರೆಂಟ್ ಸಾವಿರಾರು ಆಂಪಿಯರ್. ಆ ಕರೆಂಟ್ ಹೊರುವ ದಪ್ಪ ತಾಮ್ರದ ಪಟ್ಟಿಗೆ ಬಸ್‌ಬಾರ್ ಅಂತ ಹೆಸರು. ಅದರ ಪಕ್ಕ ನಡೆದರೆ ಅಯಸ್ಕಾಂತದ ಸೆಳೆತಕ್ಕೆ ಜೇಬಿನಲ್ಲಿದ್ದ ಬೀಗದ ಕೈ ತಾನೇ ಜಗ್ಗುತ್ತಿತ್ತು. ಕೀ ಕೊಡುವ ವಾಚು ಕಟ್ಟಿಕೊಂಡು ಒಳಗೆ ಹೋದರೆ ಅದರ ಕಥೆ ಮುಗಿಯಿತು. ನನ್ನ ಅಪ್ಪ ಕೊಟ್ಟಿದ್ದ ವಾಚು ಹೋದದ್ದು ಹಾಗೇ. ಆಮೇಲೆ ಅಲ್ಲಿ ಯಾರೂ ವಾಚು ಕಟ್ಟುತ್ತಿರಲಿಲ್ಲ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಈ ಮೂರು ಸೈರನ್ನಿಗೆ ಇಡೀ ಊರು ಎದ್ದು ಮಲಗುತ್ತಿತ್ತು. ಫ್ಯಾಕ್ಟರಿಗೆ ಸಂಬಂಧವೇ ಇಲ್ಲದ ಕ್ಷೌರದ ಅಂಗಡಿಯವನೂ ಎರಡರ ಸೈರನ್ ಆದಮೇಲೇ ಶಟರ್ ಎಳೆಯುತ್ತಿದ್ದ.

ಸರಿ, ವಾಸನೆಗೆ ಬರೋಣ. ಜನ ವಾಸನೆ ಬಗ್ಗೆ ಯಾಕೆ ಕೇಳುತ್ತಾರೆ ಅಂದರೆ, ಅವರಿಗೆ ಗೊತ್ತಾಗುವುದು ಅದೊಂದೇ. ಬಸ್ಸಿನಲ್ಲಿ ಊರು ದಾಟುವಾಗ ಕರ್ಚೀಫ್ ಮೂಗಿಗೆ ಹಿಡಿದಿರುತ್ತಾರೆ. ಅದೇ ನೆನಪು. ನಮಗೆ ಮಾತ್ರ ವಾಸನೆ ಅಂದರೆ ಒಂದು ಅಳತೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಮ್ಮಿ ಕ್ಲೋರಿನ್ ಇದ್ದರೂ ಹೊಸ ಮೂಗು ಹಿಡಿಯುತ್ತದೆ. ಹತ್ತು ಪಾಲು ಆಯಿತೋ, ಅಲ್ಲಿ ನಿಲ್ಲಬಾರದು. ವಾಸನೆ ಬಂತು ಅಂದರೆ ಇನ್ನೂ ಸಮಯ ಇದೆ ಅಂತ ಅರ್ಥ. ಹಳೇ ಮೂಗಿನವನಿಗೆ ಆ ಸಮಯ ಸಿಗುವುದಿಲ್ಲ.

ಅದಕ್ಕೇ ಹೇಳುವುದು, ಪ್ರಶ್ನೆಯೇ ತಪ್ಪು. ನೀವು ಕೇಳಬೇಕಾದದ್ದು ಬೇರೆ. "ಗಾಳಿ ಯಾವ ಕಡೆಗೆ ಬೀಸ್ತಿತ್ತು?" ಇಷ್ಟು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿಲ್ಲ.

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗಿ ಚದುರುವುದಿಲ್ಲ. ನೆಲ ಹಿಡಿದು, ತಗ್ಗು ನೋಡಿಕೊಂಡು, ಗಾಳಿ ಕರೆದ ಕಡೆ ಹೋಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಹತ್ತಿರ ಜರ್ಮನ್ ಸೈನ್ಯ ಇದನ್ನೇ ಆಯುಧ ಮಾಡಿಕೊಂಡಿತು. ಐದು ಸಾವಿರಕ್ಕೂ ಜಾಸ್ತಿ ಸಿಲಿಂಡರುಗಳನ್ನು ಮೊದಲೇ ಹೂತಿಟ್ಟು, ದಿನಗಟ್ಟಲೆ ಸುಮ್ನೆ ಕಾದರು. ಯಾತಕ್ಕೆ? ಗಾಳಿ ಶತ್ರುಗಳ ಕಡೆ ತಿರುಗಲಿ ಅಂತ. ಉಸ್ತುವಾರಿ ನೋಡಿಕೊಂಡವರು ಫ್ರಿಟ್ಜ್ ಹೇಬರ್. ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನು ಗಾಳಿಯ ನೈಟ್ರೋಜನ್‌ನಿಂದ ಮಾಡುವ ದಾರಿ ಕಂಡುಹಿಡಿದವರೂ ಅವರೇ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ್ದು ಬೇರೆ ಅನಿಲ, ಮೀಥೈಲ್ ಐಸೊಸಯನೇಟ್. ಅದೂ ಗಾಳಿಗಿಂತ ಭಾರವೇ. ಅದೂ ಗಾಳಿ ಹೋದ ಕಡೆಗೇ ಹೋಯಿತು. ಫ್ಯಾಕ್ಟರಿ ಪಕ್ಕದ ಗುಡಿಸಲುಗಳಲ್ಲಿ ಮಲಗಿದ್ದವರ ಮೇಲೆ. "ನಿಮ್ಮದೂ ಭೋಪಾಲ್ ಥರದ್ದಾ?" ಅಂತ ಕೇಳುವವರಿದ್ದಾರೆ. ಅಲ್ಲ, ನಮ್ಮದು ಬೇರೆ ಅನಿಲ ಅಂತ ತಟ್ಟನೆ ಹೇಳುತ್ತೇನೆ. ಆ ಉತ್ತರ ಎಷ್ಟು ಬೇಗ ಬಾಯಿಗೆ ಬರುತ್ತದೆ ಅಂತ ಈಗೀಗ ನನಗೇ ಆಶ್ಚರ್ಯ.

ನಮ್ಮ ಊರಿನಲ್ಲಿ ಜಾಸ್ತಿ ದಿನ ಗಾಳಿ ಪಶ್ಚಿಮದಿಂದ. ಪ್ಲಾಂಟ್ ಕಟ್ಟಿದವರಿಗೆ ಅದು ಗೊತ್ತಿತ್ತು. ಕ್ವಾರ್ಟರ್ಸ್, ಗೆಸ್ಟ್ ಹೌಸ್, ಶಾಲೆ ಎಲ್ಲ ಪಶ್ಚಿಮಕ್ಕೆ. ಪೂರ್ವಕ್ಕೆ ಕಾಂಪೌಂಡ್ ಗೋಡೆ, ಅದರಾಚೆ ಖಾಲಿ ಜಾಗ. ನಕ್ಷೆಯಲ್ಲಿ ಖಾಲಿ. ನಾನು ಸೇರುವ ಹೊತ್ತಿಗೆ ಅಲ್ಲಿ ಕಾಂಟ್ರ್ಯಾಕ್ಟ್ ಕೆಲಸದವರ ಶೆಡ್ಡುಗಳ ಸಾಲು ಎದ್ದಿತ್ತು. ಚಿಕ್ಕಮ್ಮ ಎರಡು ದಿನ ತಡೆಯಲಾರದೆ ಓಡಿದರಲ್ಲ, ಅದು ವಾಸನೆ ಬಾರದಿರಲಿ ಅಂತ ಕಟ್ಟಿದ ಕಡೆ.

ಸೆಲ್ ಹೌಸಿನ ಮೇಲೆ ಒಂದು ವಿಂಡ್ ಸಾಕ್ ಇತ್ತು. ಗಾಳಿಯ ದಿಕ್ಕು ತೋರಿಸುವ, ಕೆಂಪು ಬಿಳಿ ಪಟ್ಟಿಯ ಬಟ್ಟೆಯ ಚೀಲ. ರಾತ್ರಿ ಕಾಣಲಿ ಅಂತ ಕೆಳಗೊಂದು ದೀಪ. ಡ್ಯೂಟಿಗೆ ಬಂದವನು ಮೊದಲು ಅದನ್ನು ನೋಡಬೇಕು. ಚೀಲ ಪೂರ್ವಕ್ಕೆ ಬಾಲ ಬೀಸಿದ್ದರೆ ಕಂಟ್ರೋಲ್ ರೂಮಿನಲ್ಲಿ ನಾವು ಹೇಳುತ್ತಿದ್ದ ಮಾತು: "ಗಾಳಿ ಚೆನ್ನಾಗಿದೆ."

ಒಂದು ರಾತ್ರಿ ಪಾಳಿ. ಎರಡೂವರೆ ಇರಬೇಕು. ಫಿಲ್ಲಿಂಗ್ ಶೆಡ್ಡಿನಿಂದ ಹುಡುಗ ಓಡಿ ಬಂದ. ಒಂದು ಟನ್ನರ್ ಸೋರುತ್ತಿದೆ ಅಂದ. ಟನ್ನರ್ ಅಂದರೆ 900 ಕಿಲೋ ದ್ರವ ಕ್ಲೋರಿನ್ ಹಿಡಿಯುವ ಉಕ್ಕಿನ ಡ್ರಮ್ಮು. ಮಲಗಿಸಿಯೇ ಇಡುವುದು. ತಲೆ ಕಡೆ ಎರಡು ವಾಲ್ವು, ಒಂದು ಮೇಲೆ, ಒಂದು ಕೆಳಗೆ. ಮೇಲಿನದು ತೆರೆದರೆ ಅನಿಲ, ಕೆಳಗಿನದು ತೆರೆದರೆ ದ್ರವ. ಸೋರುತ್ತಿದ್ದದ್ದು ಕೆಳಗಿನದು.

ಬೆನ್ನಿಗೆ ಗಾಳಿ ಸಿಲಿಂಡರು, ಮುಖಕ್ಕೆ ಮಾಸ್ಕು ಹಾಕಿಕೊಂಡು ನಾವಿಬ್ಬರು ಹೋದೆವು. ಜಾಗ ಹುಡುಕುವ ಉಪಾಯ ಹಳೆಯದು. ಕೋಲಿನ ತುದಿಗೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆ ಸುತ್ತಿ ಹತ್ತಿರ ಹಿಡಿಯುವುದು. ಕ್ಲೋರಿನ್ ಸಿಕ್ಕಿದ ಕಡೆ ದಟ್ಟವಾಗಿ ಬಿಳಿ ಹೊಗೆ ಏಳುತ್ತದೆ. ವಾಲ್ವಿನ ಗ್ಲ್ಯಾಂಡ್ ನಟ್ಟು, ಅಂದರೆ ವಾಲ್ವಿನ ಕಡ್ಡಿಯ ಸುತ್ತ ಸೋರದ ಹಾಗೆ ಬಿಗಿಯುವ ನಟ್ಟು, ಅದರ ಸುತ್ತ ಎದ್ದಿತು. ನಟ್ಟಿನ ಮೇಲೆ ಹಿಮ ಕಟ್ಟಿತ್ತು. ದ್ರವ ಕ್ಲೋರಿನ್ ಕುದಿಯುವುದೇ ಸೊನ್ನೆಗಿಂತ 34 ಡಿಗ್ರಿ ಕೆಳಗೆ. ಕೆಳಗೆ ಕಾಂಕ್ರೀಟಿನ ಮೇಲೆ ಹಳದಿ ಹಸಿರು ಬಣ್ಣ, ಪಾಚಿ ನೀರಿನ ಹಾಗೆ, ಒಂದು ಗೇಣು ಎತ್ತರಕ್ಕೆ ನಿಂತಿತ್ತು. ಅದು ನಿಧಾನಕ್ಕೆ ಒಂದೇ ದಿಕ್ಕಿಗೆ ಸರಿಯುತ್ತಿತ್ತು.

ಹುಡುಗ ಪೈಪ್ ಹಿಡಿದು ನೀರು ಬಿಡಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಸೋರುವ ಜಾಗಕ್ಕೆ ನೀರು ಬಿಟ್ಟರೆ ಆಸಿಡ್ ಆಗಿ ಲೋಹವನ್ನೇ ತಿಂದು ತೂತು ದೊಡ್ಡದಾಗುತ್ತದೆ. ಮೊದಲು ಮಾಡಬೇಕಾದದ್ದು ಟನ್ನರನ್ನು ರೋಲರಿನ ಮೇಲೆ ಉರುಳಿಸಿ, ಸೋರುವ ವಾಲ್ವು ಮೇಲೆ ಬರುವ ಹಾಗೆ ಮಾಡುವುದು. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 460 ಲೀಟರ್ ಅನಿಲವಾಗುತ್ತದೆ. ದ್ರವದ ಬದಲು ಅನಿಲ ಸೋರಿದರೆ ಎಷ್ಟೋ ಪಾಲು ವಾಸಿ. ಉರುಳಿಸಿದೆವು. ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಗಿ ಮಾಡಿದೆ. ಇನ್ನೊಂದು ಕಾಲು ಸುತ್ತು. ಬಟ್ಟೆ ಹಿಡಿದರೆ ಹೊಗೆ ಇಲ್ಲ. ಒಟ್ಟು ಇಪ್ಪತ್ತು ನಿಮಿಷ. ಈಗಲೂ ಹೇಳುತ್ತೇನೆ, ಕೆಲಸ ನೀಟಾಗಿ ಮಾಡಿದೆವು.

ಆ ಇಪ್ಪತ್ತು ನಿಮಿಷ ಸೈರನ್ ಕೂಗಿಸಲಿಲ್ಲ. ಸೋರಿಕೆಯ ಸೈರನ್ ಬೇರೆ, ಏರಿ ಇಳಿದು ಏರಿ ಇಳಿದು ಕೂಗುವಂಥದ್ದು. ಅದರ ಬಟನ್ನು ನನ್ನ ಟೇಬಲ್ಲಿನ ಪಕ್ಕದಲ್ಲೇ ಇತ್ತು. ಒತ್ತಿದರೆ ಇಡೀ ಊರು ಏಳುತ್ತದೆ, ಬೆಳಿಗ್ಗೆ ಎನ್‌ಕ್ವೈರಿ. ಶಿಫ್ಟ್ ಇನ್‌ಚಾರ್ಜ್ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಗಾಳಿ ಹೇಗಿದೆ?"

"ಚೆನ್ನಾಗಿದೆ ಸಾರ್" ಅಂದೆ.

ಲಾಗ್ ಬುಕ್ಕಿನಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು. ಗ್ಲ್ಯಾಂಡ್ ಲೀಕ್, ಅಟೆಂಡೆಡ್. ವಿಂಡ್ ಫೇವರಬಲ್. ಸಹಿ ಹಾಕಿದೆ.

ಬೆಳಿಗ್ಗೆ ಆರಕ್ಕೆ ಪಾಳಿ ಬಿಟ್ಟು ಹೊರಗೆ ಬಂದಾಗ, ಕಾಂಟ್ರ್ಯಾಕ್ಟಿನಲ್ಲಿ ಕಸ ಗುಡಿಸುವ ಹೆಂಗಸು ಗೇಟಿನ ಹತ್ತಿರ ಸಿಕ್ಕಳು. ಆ ಶೆಡ್ಡುಗಳಲ್ಲಿ ಇದ್ದವಳು. ಕಣ್ಣು ಕೆಂಪಾಗಿತ್ತು.

"ರಾತ್ರಿ ಏನಾದ್ರೂ ಬಿಟ್ರಾ ಸಾರ್? ಮಗ ಬೆಳಗಿನ ತನಕ ಕೆಮ್ಮಿದ."

"ಇಲ್ವಲ್ಲಮ್ಮ. ಯಾಕೆ, ವಾಸನೆ ಬಂತಾ?" ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ತಲೆಯೆತ್ತಿ ಸೆಲ್ ಹೌಸಿನ ಮೇಲಿದ್ದ ಚೀಲವನ್ನು ನೋಡಿದಳು. ಅದು ಇನ್ನೂ ಪೂರ್ವಕ್ಕೇ ಬೀಸುತ್ತಿತ್ತು. ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.